ಕೆಲಸದ ಹೊತ್ತಿಗೆ ಕಂಪ್ಯೂಟರ್ ಸುಮ್ಮನಿರಲಿ: ನೋಟಿಫಿಕೇಶನ್ ಹತೋಟಿಗೆ ತರುವ ಬಗೆ

ಅಡಿಕೆ ಮಾರಾಟದ ಹಂಗಾಮಿನಲ್ಲಿ ಶಿರಸಿ ಕಡೆಯ ಹಳ್ಳಿಯ ಸೊಸೈಟಿಗೆ ಹೋಗಿ ನೋಡಿ. ಗುಮಾಸ್ತರು ಚೀಟಿ ನೋಡಿಕೊಂಡು ತೂಕದ ಅಂಕಿ ಹೊಡೆಯುತ್ತಿರುತ್ತಾರೆ. ಅಷ್ಟರಲ್ಲಿ ಪರದೆಯ ಬಲಗಡೆ, ಕೆಳಗಿನ ಮೂಲೆಯಲ್ಲಿ ಟಿಂಗ್ ಅಂತ ಒಂದು ಚೌಕ ಏಳುತ್ತದೆ. ಒಟ್ಟು ಮೊತ್ತ ಕಾಣಬೇಕಾದ ಜಾಗವನ್ನೇ ಅದು ಮುಚ್ಚುತ್ತದೆ. ಕಣ್ಣು ಅತ್ತ ಹೋಗುತ್ತದೆ, ಬೆರಳು ನಿಲ್ಲುತ್ತದೆ. "ಭಾವ, ಈಗ ಹೇಳಿದ್ದು ಎಷ್ಟು? ಇನ್ನೊಂದ್ಸಲ ಹೇಳಿ" ಅನ್ನುತ್ತಾರೆ. ಬಂದಿದ್ದೇನು ಅಂತ ನೋಡಿದರೆ ಯಾವುದೋ ಶಾಪಿಂಗ್ ತಾಣದ ರಿಯಾಯಿತಿ.

ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವನು. ಸುತ್ತಲಿನವರ ಕಂಪ್ಯೂಟರ್ ಸರಿ ಮಾಡಿಕೊಡುವ ಕೆಲಸವೂ ಆಗಾಗ ಬರುತ್ತದೆ. ಶಾಲೆಯ ಮೇಷ್ಟ್ರು, ಕುಮಟಾದ ಜೆರಾಕ್ಸ್ ಅಂಗಡಿಯವರು, ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ದುಡಿಯುವ ಹುಡುಗ ಹುಡುಗಿಯರು, ಎಲ್ಲರದ್ದೂ ಒಂದೇ ಕತೆ. ಕೆಲಸಕ್ಕೆ ಕೂತರೆ ಮನಸ್ಸು ನಿಲ್ಲಲ್ಲ. ಮನಸ್ಸು ನಿಲ್ಲದಂತೆ ಮಾಡುತ್ತಿರುವುದರಲ್ಲಿ ಅರ್ಧದಷ್ಟು ಅದೇ ಪರದೆಯ ಮೇಲೆ ಇರುತ್ತದೆ.

"ಎಲ್ಲ ಆಫ್ ಮಾಡಿಬಿಡಿ" ಅನ್ನುವ ಸಲಹೆ ಸುಲಭವಾಗಿ ಸಿಗುತ್ತದೆ. ನಮ್ಮ ಜಿಲ್ಲೆಗೆ ಅದು ಹೊಂದುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆಯಿತಾ, ನಾಳೆ ಶಾಲೆಗೆ ರಜೆ ಇದೆಯಾ, ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರಾ, ಇವೆಲ್ಲ ಗೊತ್ತಾಗಬೇಕಾದ ಸುದ್ದಿಗಳೇ. ಹಾಗಾಗಿ ನಾನು ಹೇಳುವ ದಾರಿ ಬೇರೆ. ಕೆಲಸದ ನಡುವೆ ನಿಮ್ಮನ್ನು ಎಬ್ಬಿಸುವ ಹಕ್ಕು ಯಾರಿಗೆ ಇದೆ ಅಂತ ಮೊದಲು ನೀವು ತೀರ್ಮಾನ ಮಾಡಿ. ಉಳಿದದ್ದಕ್ಕೆಲ್ಲ ಒಂದು ಹೊತ್ತು ಗೊತ್ತು ಮಾಡಿ. ಸೆಟ್ಟಿಂಗ್ಸ್ ಕೆಲಸ ಆಮೇಲೆ.

ಇದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನೋಟಿಫಿಕೇಶನ್ ಬಂದಾಗ ಫೋನ್ ಮುಟ್ಟದೇ ಇದ್ದರೂ ಕೈಯಲ್ಲಿದ್ದ ಕೆಲಸದಲ್ಲಿ ತಪ್ಪು ಜಾಸ್ತಿ ಆಗುತ್ತದೆ ಅಂತ ಅದರಲ್ಲಿ ಕಂಡುಬಂತು. ಅಂದರೆ "ನಾನು ನೋಡೋದೇ ಇಲ್ಲ ಬಿಡಿ" ಅನ್ನುವುದು ಸಾಲದು. ಶಬ್ದ ಕಿವಿಗೆ ಬಿದ್ದರೇ ಸಾಕು. ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತು ಹೇಳುತ್ತದೆ. ನಡುನಡುವೆ ಅಡ್ಡಿ ಬಂದರೂ ಜನ ಕೆಲಸ ಮುಗಿಸುತ್ತಾರೆ, ಬೇಗನೇ ಮುಗಿಸುತ್ತಾರೆ. ಆದರೆ ಒತ್ತಡ, ಕಿರಿಕಿರಿ, ಆತುರ ಎಲ್ಲ ಏರುತ್ತದೆ. ಸಂಜೆ ಕಂಪ್ಯೂಟರ್ ಮುಚ್ಚುವಾಗ ಕೆಲಸ ಆಗಿರುತ್ತದೆ, ಆದರೆ ತಲೆ ಭಾರ. ಇದು ನಿಮಗೂ ಗೊತ್ತಿರುವ ಅನುಭವವೇ ಅಲ್ವಾ?

ಮೊದಲು ಕಾಗದ, ಪೆನ್ನು

ಒಂದು ಹಾಳೆ ತೆಗೆದುಕೊಳ್ಳಿ. ಮೂರು ಭಾಗ ಮಾಡಿ.

ಮೊದಲ ಭಾಗದಲ್ಲಿ ತಕ್ಷಣ ಗೊತ್ತಾಗಲೇಬೇಕಾದವು. ಮನೆಯವರ ಫೋನ್ ಕರೆ, ಮಕ್ಕಳ ಶಾಲೆಯ ಕರೆ, ಮೀಟಿಂಗ್ ಶುರುವಾಗುವ ನೆನಪೋಲೆ, ಮೇಲಧಿಕಾರಿಯ ನೇರ ಮೆಸೇಜು, ಸರ್ಕಾರದ ತುರ್ತು ಎಚ್ಚರಿಕೆ. ಪಹಣಿ, ಆಧಾರ್, ಬ್ಯಾಂಕ್ ಕೆಲಸ ಮಾಡಿಕೊಡುವ ಸೇವಾ ಕೇಂದ್ರದವರಾದರೆ ಒಟಿಪಿ ಬರುವ ಎಸ್ಸೆಮ್ಮೆಸ್ ಕೂಡ ಇಲ್ಲೇ ಬರಬೇಕು.

ಎರಡನೇ ಭಾಗದಲ್ಲಿ ಬೇಕು, ಆದರೆ ಈಗಲೇ ಬೇಡ ಅನ್ನುವಂಥವು. ಅಡಿಕೆ ದರ ಇದಕ್ಕೆ ಒಳ್ಳೆಯ ಉದಾಹರಣೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕಾಳುಮೆಣಸು ಅಂತ ದಿನದ ದರದ ಪಟ್ಟಿ ಬರುವುದು ವ್ಯಾಪಾರ ಆದ ಮೇಲೆ. ಒಂದೇ ಪಟ್ಟಿ ನಾಲ್ಕಾರು ಗ್ರೂಪಿನಲ್ಲಿ ಬರುತ್ತದೆ. ಸಂಜೆ ಆಸರಿ ಕುಡಿಯುವಾಗ ಒಮ್ಮೆ ನೋಡಿದರೆ ಏನೂ ನಷ್ಟ ಇಲ್ಲ, ದರವೇನೂ ಬದಲಾಗುವುದಿಲ್ಲ. ಆಫೀಸಿನ ಸಾಮಾನ್ಯ ಮೇಲ್, ಊರಿನ ಗ್ರೂಪು, ಕುಟುಂಬದ ಗ್ರೂಪು, ಹೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆ ಕೂಡ ಈ ಸಾಲಿಗೇ.

ಮೂರನೇ ಭಾಗ ಬೇಡವೇ ಬೇಡ ಅನ್ನುವುದು. ಶಾಪಿಂಗ್, ಗೇಮ್, ಸುದ್ದಿ ತಾಣಗಳ ಪುಟಾಣಿ ಸುದ್ದಿ, "ನಿಮಗೆ ಇದು ಇಷ್ಟವಾಗಬಹುದು" ಅನ್ನುವ ವಿಡಿಯೊ, ವಿಂಡೋಸ್ ತಾನೇ ಕೊಡುವ ಸಲಹೆಗಳು.

ಈ ಪಟ್ಟಿ ಇಲ್ಲದೆ ಸೆಟ್ಟಿಂಗ್ಸ್ ಒಳಗೆ ಕೈ ಹಾಕಬೇಡಿ. ಪಟ್ಟಿ ಇಲ್ಲದಿದ್ದರೆ ಪ್ರತಿಯೊಂದನ್ನು ನೋಡಿದಾಗಲೂ "ಇದೂ ಬೇಕಾಗಬಹುದು" ಅನ್ನಿಸುತ್ತದೆ. ಕೊನೆಗೆ ಯಾವುದೂ ಆಫ್ ಆಗುವುದಿಲ್ಲ.

ಒಂದೇ ಮೆಸೇಜು ಎಷ್ಟು ಕಡೆಯಿಂದ ಬರುತ್ತಿದೆ?

ಇದನ್ನು ಬಹಳ ಜನ ಗಮನಿಸಿರುವುದೇ ಇಲ್ಲ. ಒಬ್ಬರು ಒಂದು ವಾಟ್ಸಾಪ್ ಮೆಸೇಜು ಕಳಿಸಿದರು ಅಂದುಕೊಳ್ಳಿ. ಪಕ್ಕದಲ್ಲಿಟ್ಟ ಫೋನ್ ಟಿಂಗ್ ಅನ್ನುತ್ತದೆ. ಕಂಪ್ಯೂಟರಿನ ವಾಟ್ಸಾಪ್ ಆ್ಯಪ್ ಚೌಕ ತೋರಿಸುತ್ತದೆ. ಬ್ರೌಸರಿನಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಅಲ್ಲಿಂದ ಇನ್ನೊಂದು. ಫೋನ್ ಲಿಂಕ್ ಅನ್ನುವ ವಿಂಡೋಸ್ ಆ್ಯಪ್ ಜೋಡಿಸಿಕೊಂಡಿದ್ದರೆ ಫೋನಿಗೆ ಬಂದ ನೋಟಿಫಿಕೇಶನ್ನನ್ನೇ ಅದು ಮತ್ತೆ ತಂದು ಪರದೆಯ ಮೇಲೆ ಹಾಕುತ್ತದೆ. ಒಂದು "ಶುಭೋದಯ"ಕ್ಕೆ ನಾಲ್ಕು ಸಲ ತಲೆ ಎತ್ತಿದಂತಾಯಿತು.

ಪರೀಕ್ಷೆ ಸುಲಭ. ಮನೆಯವರ ಹತ್ತಿರ ಒಂದು ಮೆಸೇಜು ಕಳಿಸಲು ಹೇಳಿ. ಎಲ್ಲೆಲ್ಲಿ ಸದ್ದಾಯಿತು, ಎಲ್ಲೆಲ್ಲಿ ಚೌಕ ಎದ್ದಿತು ಅಂತ ನೋಡಿ. ಚೌಕದ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅದು ಯಾವ ಆ್ಯಪಿನದ್ದು ಅಂತ ಇರುತ್ತದೆ. ಬ್ರೌಸರಿನಿಂದ ಬಂದಿದ್ದರೆ ಜಾಲತಾಣದ ವಿಳಾಸವೂ ಕಾಣುತ್ತದೆ.

ಆಮೇಲೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ನನ್ನ ಕೇಳಿದರೆ ಕರೆಗೆ ಫೋನ್, ಕೆಲಸದ ಮೆಸೇಜಿಗೆ ಕಂಪ್ಯೂಟರ್. ಫೋನ್ ಲಿಂಕ್ ಬೇಕಾದರೆ ಇರಲಿ, ಫೋಟೊ ವರ್ಗಾಯಿಸಲು ಅನುಕೂಲ. ಆದರೆ ಅದರ ಸೆಟ್ಟಿಂಗ್ಸ್ ಒಳಗೆ ಫೀಚರ್ಸ್ ಅನ್ನುವ ಕಡೆ ನೋಟಿಫಿಕೇಶನ್ ಆಫ್ ಮಾಡಿ. ವಾಟ್ಸಾಪ್ ಆ್ಯಪ್ ಇದ್ದರೆ ಬ್ರೌಸರಿನ ವಾಟ್ಸಾಪ್ ವೆಬ್‌ನಿಂದ ಲಾಗೌಟ್ ಆಗಿ. ಇಷ್ಟು ಮಾಡಿದರೇ ಗದ್ದಲ ಅರ್ಧ ಇಳಿಯುತ್ತದೆ.

ವಿಂಡೋಸ್ ಒಳಗೆ

ವಿಂಡೋಸ್ 11 ಇದ್ದರೆ ಸ್ಟಾರ್ಟ್ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಸಿಸ್ಟಮ್, ಆಮೇಲೆ ನೋಟಿಫಿಕೇಶನ್ಸ್. ಮೇಲ್ಗಡೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಗುಂಡಿ ಇದೆ. ಅದನ್ನು ಮುಟ್ಟಬೇಡಿ. ಪಕ್ಕದ ಬಾಣ ಒತ್ತಿದರೆ ಒಳಗೆ ಶಬ್ದಕ್ಕೆ ಬೇರೆಯೇ ಗುಂಡಿ ಇದೆ. ಶಬ್ದವನ್ನು ಈಗಲೇ ಆಫ್ ಮಾಡಿ. ಚೌಕ ಕಾಣಿಸಿದರೂ ಪರವಾಗಿಲ್ಲ, ಟಿಂಗ್ ನಿಂತರೆ ಅಕ್ಕಪಕ್ಕ ಕೂತವರಿಗೂ ನೆಮ್ಮದಿ.

ಅದೇ ಪುಟದಲ್ಲಿ ಕೆಳಗೆ ಹೋದರೆ ಆ್ಯಪುಗಳ ಉದ್ದ ಪಟ್ಟಿ ಸಿಗುತ್ತದೆ. ಯಾವುದು ಇತ್ತೀಚೆಗೆ ನೋಟಿಫಿಕೇಶನ್ ಕಳಿಸಿದೆಯೋ ಅದು ಮೇಲೆ ಇರುವಂತೆ ಜೋಡಿಸಬಹುದು. ಈಗ ನಿಮ್ಮ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ನೋಡುತ್ತಾ ಬನ್ನಿ. ಮೂರನೇ ಭಾಗದವು ಎಲ್ಲ ಆಫ್. ಎರಡನೇ ಭಾಗದವುಗಳ ಹೆಸರಿನ ಮೇಲೆ ಒತ್ತಿ ಒಳಗೆ ಹೋಗಿ. ಅಲ್ಲಿ ಬ್ಯಾನರ್, ಅಂದರೆ ಮೂಲೆಯಲ್ಲಿ ಏಳುವ ಆ ಚೌಕ, ತೋರಿಸುವುದಕ್ಕೆ ಒಂದು ಗುರುತು, ನೋಟಿಫಿಕೇಶನ್ ಸೆಂಟರಿನಲ್ಲಿ ತೋರಿಸುವುದಕ್ಕೆ ಇನ್ನೊಂದು ಗುರುತು ಇರುತ್ತದೆ. ಬ್ಯಾನರ್ ಗುರುತು ತೆಗೆಯಿರಿ, ಸೆಂಟರ್ ಗುರುತು ಹಾಗೇ ಬಿಡಿ. ಅಂದರೆ ಮೆಸೇಜು ಬಂದು ಸುಮ್ನೆ ಒಳಗೆ ಸೇರಿಕೊಳ್ಳುತ್ತದೆ, ಎದ್ದು ಕುಣಿಯುವುದಿಲ್ಲ. ನಿಮಗೆ ಬೇಕೆನಿಸಿದಾಗ ಕೀಬೋರ್ಡಿನ ವಿಂಡೋಸ್ ಕೀ ಜೊತೆ ಎನ್ ಒತ್ತಿದರೆ ಎಲ್ಲವೂ ಒಂದೇ ಕಡೆ ಕಾಣುತ್ತದೆ. ಈ ಒಂದು ವ್ಯವಸ್ಥೆ ನನಗೆ ಎಲ್ಲಕ್ಕಿಂತ ಉಪಯೋಗ ಕಂಡಿದೆ. ಏನೂ ಕಳೆದುಹೋಗುವುದಿಲ್ಲ ಅನ್ನುವ ಧೈರ್ಯ ಇರುತ್ತದೆ.

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡುವ ಗುರುತೂ ಅಲ್ಲೇ ಇದೆ. ಗಿರಾಕಿಗಳು ಎದುರಿಗೆ ಕೂರುವ ಅಂಗಡಿ, ಕಚೇರಿಯಲ್ಲಿ ಇದನ್ನು ಹಾಕಿಡುವುದು ಒಳ್ಳೆಯದು.

ಪಟ್ಟಿಯ ಕೊನೆಯಲ್ಲಿ ಅಡಿಷನಲ್ ಸೆಟ್ಟಿಂಗ್ಸ್ ಅಂತ ಒಂದು ಮೂಲೆ ಇದೆ. ಅಪ್‌ಡೇಟ್ ಆದ ಮೇಲೆ ಸ್ವಾಗತ ಪುಟ ತೋರಿಸುವುದು, ವಿಂಡೋಸ್ ಬಳಸಲು ಸಲಹೆ ಕೊಡುವುದು, ಇಂಥವೆಲ್ಲ ಅಲ್ಲಿ ಅಡಗಿವೆ. ಅಲ್ಲಿರುವ ಗುರುತುಗಳನ್ನೆಲ್ಲ ತೆಗೆಯಿರಿ. ಕೆಲಸಕ್ಕೆ ಏನೂ ತೊಂದರೆ ಆಗುವುದಿಲ್ಲ.

ಚೌಕ ಬಂದು ಐದು ಸೆಕೆಂಡು ನಿಲ್ಲುತ್ತದೆ, ಅದು ಮೊದಲಿಂದ ಇರುವ ಅಳತೆ. ಕಣ್ಣು ಮಂಜಾಗಿ ಓದಲು ಹೊತ್ತು ಬೇಕಾದವರು ಇದನ್ನು ಜಾಸ್ತಿ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್ ಒಳಗೆ ಆ್ಯಕ್ಸೆಸಿಬಿಲಿಟಿ, ಅಲ್ಲಿ ವಿಷುಯಲ್ ಎಫೆಕ್ಟ್ಸ್. ಉಳಿದವರು ಐದರಲ್ಲೇ ಇರಲಿ.

ವಿಂಡೋಸ್ 10 ಇರುವ ಕಂಪ್ಯೂಟರುಗಳು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ. ಅದರಲ್ಲಿ ಆ್ಯಪುಗಳ ಪಟ್ಟಿ ನೋಟಿಫಿಕೇಶನ್ಸ್ ಆ್ಯಂಡ್ ಆ್ಯಕ್ಷನ್ಸ್ ಅನ್ನುವ ಪುಟದಲ್ಲಿದೆ, ಮುಂದೆ ಹೇಳುವ ಡು ನಾಟ್ ಡಿಸ್ಟರ್ಬ್ ಕೆಲಸಕ್ಕೆ ಫೋಕಸ್ ಅಸಿಸ್ಟ್ ಅಂತ ಹೆಸರು. ಎರಡೂ ಸಿಸ್ಟಮ್ ಒಳಗೇ ಸಿಗುತ್ತವೆ. ನೋಟಿಫಿಕೇಶನ್ ಪಟ್ಟಿ ತೆರೆಯಲು ಎನ್ ಬದಲು ವಿಂಡೋಸ್ ಕೀ ಜೊತೆ ಎ ಒತ್ತಬೇಕು. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣದ ವ್ಯವಹಾರ ನಡೆಯುವ ಕಂಪ್ಯೂಟರಾದರೆ 11ಕ್ಕೆ ಹೋಗುವುದನ್ನು ಮುಂದೂಡಬೇಡಿ.

ಬ್ರೌಸರ್: ಅತಿ ಹೆಚ್ಚು ಕಸ ಬರುವ ದಾರಿ

ಸೇವಾ ಕೇಂದ್ರ, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಹತ್ತು ಜನಕ್ಕೆ ಅರ್ಜಿ ತುಂಬಿಕೊಡುವ ಕಡೆ ಹತ್ತಾರು ಜಾಲತಾಣ ತೆರೆಯುತ್ತಾರೆ. ಪ್ರತಿಯೊಂದೂ "ನೋಟಿಫಿಕೇಶನ್ ಕಳಿಸಲಾ?" ಅಂತ ಕೇಳುತ್ತದೆ. ಅರ್ಜೆಂಟಿನಲ್ಲಿ ಅಲೋ ಅಂತ ಒತ್ತಿ ಮುಂದೆ ಹೋಗುತ್ತಾರೆ. ಅವತ್ತಿಂದ ಶುರು.

ಇದರಲ್ಲಿ ಬರೀ ಕಿರಿಕಿರಿ ಮಾತ್ರ ಇಲ್ಲ, ಮೋಸವೂ ಇದೆ. "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂತ ಕೆಲವು ತಾಣಗಳು ಬರೆದಿರುತ್ತವೆ. ಒತ್ತಿದರೆ ಅದು ನೋಟಿಫಿಕೇಶನ್ನಿಗೆ ಕೊಟ್ಟ ಒಪ್ಪಿಗೆ. ಆಮೇಲೆ ಪರದೆಯ ಮೂಲೆಯಲ್ಲಿ ಕೆಂಪು ಗುರುತಿನ ಚೌಕ ಬರುತ್ತದೆ: "ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಸಿಕ್ಕಿವೆ, ಈಗಲೇ ಒತ್ತಿ." ನೋಡಿದರೆ ವಿಂಡೋಸ್ ಕಡೆಯಿಂದಲೇ ಬಂದ ಹಾಗಿರುತ್ತದೆ. ಸಣ್ಣ ಅಕ್ಷರದ ವಿಳಾಸ ಓದಿದರೆ ಯಾವುದೋ ಗೊತ್ತಿಲ್ಲದ ತಾಣ. ಕಂಪ್ಯೂಟರಿಗೆ ವೈರಸ್ ಬಂದಿರುವುದಿಲ್ಲ. ಬಂದಿರುವುದು ಜಾಹೀರಾತು, ಅಥವಾ ದುಡ್ಡು ಕೀಳುವ ಜಾಲ. ಅದನ್ನು ಒತ್ತಬೇಡಿ, ಅದರಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಹಾಗೇನಾದರೂ ಮಾಡಿ ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಈಗ ಸ್ವಚ್ಛ ಮಾಡುವ ಕ್ರಮ. ಕ್ರೋಮ್‌ನಲ್ಲಿ ಬಲಗಡೆ ಮೇಲಿನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಹೀಗೆ ಒಂದರೊಳಗೊಂದು. ಕೆಳಗೆ ಅಲೋ ಅನ್ನುವ ತಲೆಬರಹದಡಿ ನೀವು ಒಪ್ಪಿಗೆ ಕೊಟ್ಟ ತಾಣಗಳೆಲ್ಲ ಕಾಣುತ್ತವೆ. ಕೆಲವರ ಪಟ್ಟಿ ನೋಡಿದರೆ ಗಾಬರಿ ಆಗುವಷ್ಟು ಉದ್ದ ಇರುತ್ತದೆ. ಬೇಡದ್ದರ ಎದುರು ಚುಕ್ಕಿ ಒತ್ತಿ ಬ್ಲಾಕ್ ಅಥವಾ ರಿಮೂವ್ ಮಾಡಿ. ಬ್ಲಾಕ್ ಮಾಡುವುದು ವಾಸಿ. ರಿಮೂವ್ ಮಾಡಿದರೆ ಅದು ಮತ್ತೊಮ್ಮೆ ಬಂದು ಕೇಳುತ್ತದೆ.

ಅದೇ ಪುಟದ ಮೇಲ್ಗಡೆ ಇನ್ನು ಮುಂದೆ ಯಾವ ತಾಣವೂ ನೋಟಿಫಿಕೇಶನ್ ಕಳಿಸದಂತೆ ಮಾಡುವ ಆಯ್ಕೆ ಇದೆ. ಅದನ್ನು ಹಾಕಿ. ಗೂಗಲ್ ಕ್ಯಾಲೆಂಡರಿನ ಹಾಗೆ ನಿಜಕ್ಕೂ ಬೇಕಾದ ಒಂದೆರಡು ತಾಣ ಇದ್ದರೆ ಅವನ್ನು ಅಲೋ ಪಟ್ಟಿಗೆ ಕೈಯಾರೆ ಸೇರಿಸಬಹುದು. ಎಡ್ಜ್ ಬ್ರೌಸರಿನಲ್ಲೂ ಹೆಚ್ಚುಕಮ್ಮಿ ಇದೇ ದಾರಿ. ಫೈರ್‌ಫಾಕ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ ಪುಟದಲ್ಲಿ ಪರ್ಮಿಶನ್ಸ್ ಅನ್ನುವ ಭಾಗ ಹುಡುಕಿ.

ವಾಟ್ಸಾಪ್ ಗ್ರೂಪು

ಯಂತ್ರದ ಕೆಲಸ ಇಲ್ಲಿ ಕಮ್ಮಿ, ಸಂಕೋಚದ ಮಾತೇ ಜಾಸ್ತಿ. "ಕುಟುಂಬದ ಗ್ರೂಪ್ ಮ್ಯೂಟ್ ಮಾಡಿದರೆ ಚಿಕ್ಕಪ್ಪ ಬೇಜಾರು ಮಾಡಿಕೊಳ್ಳುತ್ತಾನೆ" ಅನ್ನುತ್ತಾರೆ. ನೀವು ಮ್ಯೂಟ್ ಮಾಡಿದ್ದು ಗ್ರೂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೆಸೇಜು ಬರುವುದೂ ನಿಲ್ಲುವುದಿಲ್ಲ. ಸದ್ದು ಮಾತ್ರ ನಿಲ್ಲುತ್ತದೆ. ಆರಾಮಾಗಿ ಮಾಡಿ.

ಮ್ಯೂಟ್ ಒತ್ತಿದಾಗ 8 ತಾಸು, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಸಿಗುತ್ತವೆ. ಯಾವಾಗಲೂ ಅನ್ನುವುದನ್ನೇ ಆರಿಸಿ. ಎಂಟು ತಾಸಿನದ್ದು ಸಂಜೆಗೆ ಮುಗಿದು ನಾಳೆ ಬೆಳಿಗ್ಗೆ ಮತ್ತೆ ಅದೇ ಕತೆ. ಯಕ್ಷಗಾನದ ಗ್ರೂಪು, ಶಾಲೆಯ ಹಳೇ ವಿದ್ಯಾರ್ಥಿಗಳ ಗ್ರೂಪು, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಹುಟ್ಟಿಕೊಂಡ ಗ್ರೂಪು, ಎಲ್ಲಕ್ಕೂ ಇದೇ. ತಿಂಗಳಿಗೊಮ್ಮೆ ನೋಡಿದರೆ ಸಾಕು ಅನ್ನುವಂಥವನ್ನು ಆರ್ಕೈವ್ ಮಾಡಿ. ಆರ್ಕೈವ್ ಮಾಡಿದ್ದು ಹೊಸ ಮೆಸೇಜು ಬಂದರೂ ಮೇಲೆ ಬರದಂತೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ಸ್ ಭಾಗದಲ್ಲಿ ಒಂದು ಗುಂಡಿ ಇದೆ, ಅದು ಆನ್ ಇದೆಯಾ ನೋಡಿಕೊಳ್ಳಿ.

ಸ್ವಲ್ಪ ಕಠಿಣ ಮಾತು ಹೇಳಲೇಬೇಕು. ಆಫೀಸಿನ ಕೆಲಸಕ್ಕೆ ವಾಟ್ಸಾಪ್ ಬೇಡದೇ ಇದ್ದರೆ ಅದನ್ನು ಕಂಪ್ಯೂಟರಿಗೆ ಹಾಕಲೇಬೇಡಿ. ಹಾಕಿದ್ದರೆ ಫೋನಿನಲ್ಲಿ ಲಿಂಕ್ಡ್ ಡಿವೈಸಸ್‌ಗೆ ಹೋಗಿ ಕಂಪ್ಯೂಟರನ್ನು ಲಾಗೌಟ್ ಮಾಡಿ. ಅಲ್ಲಿ ಸೊಸೈಟಿಯ ಹಳೇ ಕಂಪ್ಯೂಟರು, ಕೆಲಸ ಬಿಟ್ಟ ಕಡೆಯ ಲ್ಯಾಪ್‌ಟಾಪು ಇನ್ನೂ ಜೋಡಿಸಿಕೊಂಡಿದ್ದರೆ ಅವನ್ನೂ ತೆಗೆಯಲು ಇದೇ ಹೊತ್ತು.

ಮೇಲ್ ಮತ್ತು ಆಫೀಸಿನ ಚಾಟ್

ಮೇಲ್ ವಿಷಯ ಚಿಕ್ಕದು. ಜಿಮೇಲ್‌ನಲ್ಲಿ ಮೇಲಿನ ಗಾಲಿ ಗುರುತು ಒತ್ತಿ ಎಲ್ಲ ಸೆಟ್ಟಿಂಗ್ಸ್ ನೋಡಿ. ಜನರಲ್ ಪುಟದಲ್ಲಿ ಡೆಸ್ಕ್‌ಟಾಪ್ ನೋಟಿಫಿಕೇಶನ್ಸ್ ಅಂತ ಇದೆ. ಎಲ್ಲ ಹೊಸ ಮೇಲ್‌ಗೆ, ಮುಖ್ಯವಾದವಕ್ಕೆ ಮಾತ್ರ, ಯಾವುದಕ್ಕೂ ಬೇಡ ಅಂತ ಮೂರು ಆಯ್ಕೆ. ಕೊನೆಯದನ್ನು ಹಾಕಿ, ಕೆಳಗೆ ಸೇವ್ ಒತ್ತುವುದನ್ನು ಮರೆಯಬೇಡಿ. ಹಳೆಯ ಔಟ್‌ಲುಕ್ ಬಳಸುವವರು ಫೈಲ್, ಆಪ್ಷನ್ಸ್, ಮೇಲ್ ಅಂತ ಹೋದರೆ ಮೆಸೇಜ್ ಅರೈವಲ್ ಅನ್ನುವ ಭಾಗದಲ್ಲಿ ನಾಲ್ಕು ಗುರುತು ಕಾಣುತ್ತವೆ. ನಾಲ್ಕನ್ನೂ ತೆಗೆಯಿರಿ. ಮೇಲ್ ನೋಡಲು ಬೆಳಿಗ್ಗೆ, ಊಟದ ನಂತರ, ಕೆಲಸ ಮುಗಿಯುವ ಮೊದಲು ಅಂತ ಮೂರು ಹೊತ್ತು ಇಟ್ಟುಕೊಳ್ಳಿ.

ಟೀಮ್ಸ್ ಅಥವಾ ಸ್ಲ್ಯಾಕ್ ಬಳಸುವವರಿಗೆ ಒಂದೇ ಸಲಹೆ. ಚಾನೆಲ್ ಮೆಸೇಜುಗಳ ನೋಟಿಫಿಕೇಶನ್ ತೆಗೆದು, ನಿಮ್ಮ ಹೆಸರು ಹಿಡಿದು ಕರೆದಾಗ ಮತ್ತು ನೇರ ಮೆಸೇಜಿಗೆ ಮಾತ್ರ ಇಟ್ಟುಕೊಳ್ಳಿ. ಇದನ್ನು ನಿಮ್ಮ ತಂಡದವರಿಗೆ ಹೇಳಿಯೂ ಇಡಿ. ಹೇಳದೆ ಸುಮ್ಮನಾದರೆ "ಹಳ್ಳಿಗೆ ಹೋದ ಮೇಲೆ ಉತ್ತರವೇ ಕೊಡಲ್ಲ" ಅಂತ ಆಗಿಬಿಡುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಹೋಗಿ ಉತ್ತರ ತಡವಾಗುವುದು ಹೇಗೂ ಇದ್ದದ್ದೇ, ಅದರ ಜೊತೆ ಇದೂ ಸೇರಬಾರದು.

ಡು ನಾಟ್ ಡಿಸ್ಟರ್ಬ್

ಇಷ್ಟು ಹೊತ್ತು ಮಾಡಿದ್ದು ಕಸ ತೆಗೆಯುವ ಕೆಲಸ. ಈಗ ಗಟ್ಟಿ ಕೂತು ಕೆಲಸ ಮಾಡುವ ಹೊತ್ತನ್ನು ಕಾಯಬೇಕು. ವಿಂಡೋಸ್ 11ರ ನೋಟಿಫಿಕೇಶನ್ಸ್ ಪುಟದಲ್ಲೇ ಡು ನಾಟ್ ಡಿಸ್ಟರ್ಬ್ ಇದೆ. ಇದನ್ನು ಹಾಕಿದರೆ ಎಲ್ಲವೂ ಬಂದ್ ಆಗುತ್ತದೆ ಅಂತ ಹೆದರಬೇಕಿಲ್ಲ. ನಮ್ಮ ತೋಟದ ದಣಪೆ ಇದ್ದ ಹಾಗೆ ಇದು. ದನ ನುಗ್ಗುವುದಿಲ್ಲ, ಮನೆಗೆ ಬರಬೇಕಾದ ಮನುಷ್ಯರು ದಾಟಿ ಬರುತ್ತಾರೆ. ಯಾರು ದಾಟಬಹುದು ಅಂತ ಹೇಳುವ ಜಾಗ ಸೆಟ್ ಪ್ರಯಾರಿಟಿ ನೋಟಿಫಿಕೇಶನ್ಸ್. ಕರೆಗಳು, ನೆನಪೋಲೆಗಳು, ನೀವು ಆರಿಸಿದ ಆ್ಯಪುಗಳು, ಇವನ್ನು ಅಲ್ಲಿ ಸೇರಿಸಿ. ನಿಮ್ಮ ಹಾಳೆಯ ಮೊದಲ ಭಾಗ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರತಿ ದಿನ ತಾನಾಗಿಯೇ ಹತ್ತುವಂತೆ ಹೊತ್ತು ಹಾಕಬಹುದು. ಬೆಳಿಗ್ಗೆ 9ರಿಂದ 11 ಹಲವರಿಗೆ ಒಗ್ಗುತ್ತದೆ. ಸೊಸೈಟಿಯವರಿಗೆ ದಿನದ ಲೆಕ್ಕ ಹೊಂದಿಸುವ ಸಂಜೆಯ ಹೊತ್ತು ಮುಖ್ಯ. ಹೊತ್ತು ಯಾವುದಾದರೂ ಇರಲಿ, ದಿನಾ ಒಂದೇ ಇರಲಿ. ಮನೆಯವರಿಗೂ ರೂಢಿ ಆಗುತ್ತದೆ.

ಅಲ್ಲೇ ಇನ್ನೂ ಒಂದು ಗುರುತು ಇದೆ: ಪರದೆಯನ್ನು ಪ್ರೊಜೆಕ್ಟರಿಗೆ ಅಥವಾ ಟಿವಿಗೆ ಜೋಡಿಸಿ ಅದೇ ಚಿತ್ರ ತೋರಿಸುವಾಗ ತಾನೇ ಹತ್ತುವುದು. ಶಾಲೆಯ ಮೇಷ್ಟ್ರುಗಳು, ಅಕ್ಕೋರುಗಳು ದಯವಿಟ್ಟು ಇದನ್ನು ಆನ್ ಮಾಡಿಕೊಳ್ಳಿ. ತರಗತಿಯಲ್ಲಿ ಪಾಠದ ಚಿತ್ರದ ಮೇಲೆ ಮನೆಯ ಮೆಸೇಜು ಎದ್ದರೆ ಮಕ್ಕಳ ಗಮನ ಅಲ್ಲಿಗೇ ಮುಗಿಯಿತು. ಮೀಟಿಂಗಿನಲ್ಲಿ ಪರದೆ ಹಂಚಿಕೊಳ್ಳುವವರು ಶುರು ಮಾಡುವ ಮುಂಚೆ ಕೈಯಾರೆ ಹಾಕಿಕೊಳ್ಳುವುದು ಭದ್ರ. ವಿಂಡೋಸ್ ಕೀ ಜೊತೆ ಎನ್ ಒತ್ತಿ, ಮೇಲೆ ಕಾಣುವ ಗಂಟೆಯ ಗುರುತು ಒತ್ತಿದರೆ ಆಯಿತು.

ಫೋಕಸ್ ಅನ್ನುವುದು ಇದರ ಅಣ್ಣ. ಇಷ್ಟು ನಿಮಿಷ ಅಂತ ಹಾಕಿ ಶುರು ಮಾಡಿದರೆ ಡು ನಾಟ್ ಡಿಸ್ಟರ್ಬ್ ಹತ್ತುತ್ತದೆ, ಜೊತೆಗೆ ಕೆಳಗಿನ ಪಟ್ಟಿಯ ಚಿತ್ರಗಳ ಮೇಲಿನ ಅಂಕಿಗಳು ಮಾಯವಾಗುತ್ತವೆ, ಮಿನುಗುವುದು ನಿಲ್ಲುತ್ತದೆ. ಈ ಅಂಕಿಗಳು ಸದ್ದಿಲ್ಲದೆ ಎಳೆಯುತ್ತವೆ, ಅದಕ್ಕೇ ಹೇಳುತ್ತಿದ್ದೇನೆ. ಚಿತ್ರದ ಮೂಲೆಯಲ್ಲಿ 14 ಅಂತ ಕಂಡರೆ ಕೈ ತಾನೇ ಹೋಗುತ್ತದೆ. ಯಾವಾಗಲೂ ಬೇಡ ಅನ್ನುವುದಾದರೆ ಸೆಟ್ಟಿಂಗ್ಸ್, ಪರ್ಸನಲೈಜೇಶನ್, ಟಾಸ್ಕ್‌ಬಾರ್, ಅದರಲ್ಲಿ ಟಾಸ್ಕ್‌ಬಾರ್ ಬಿಹೇವಿಯರ್ಸ್. ಅಂಕಿ ತೋರಿಸುವ ಗುರುತನ್ನೂ ಮಿನುಗುವ ಗುರುತನ್ನೂ ಅಲ್ಲಿ ತೆಗೆಯಬಹುದು. ಹವಾಮಾನ ತೋರಿಸುವ ವಿಜೆಟ್ಸ್ ಗುಂಡಿಯೂ ಅದೇ ಟಾಸ್ಕ್‌ಬಾರ್ ಪುಟದಲ್ಲಿದೆ. ಮಳೆ ನೋಡಲು ಅಂತ ಅದನ್ನು ಒತ್ತಿದವರು ಸುದ್ದಿ ಓದುತ್ತಾ ಕೂರುತ್ತಾರೆ, ತೆಗೆದುಬಿಡಿ.

ಮ್ಯಾಕ್ ಇದ್ದವರಿಗೆ: ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್ ಮತ್ತು ಫೋಕಸ್ ಎರಡೂ ಇವೆ. ಆಪ್ಷನ್ ಕೀ ಹಿಡಿದು ಮೇಲಿನ ಗಡಿಯಾರ ಒತ್ತಿದರೆ ಡು ನಾಟ್ ಡಿಸ್ಟರ್ಬ್ ಹತ್ತುತ್ತದೆ.

ನಿಜವಾದ ತುರ್ತು ತಪ್ಪಬಾರದು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಆ ದಿನಗಳಲ್ಲಿ ಮನೆಯವರು ಆ ದಾರಿಯಲ್ಲಿ ಹೊರಟಿದ್ದರೆ ಯಾರಿಗಾದರೂ ಫೋನ್ ಸೈಲೆಂಟ್ ಇಡಲು ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರ್ ಸುಮ್ಮನಾಗುವ ದಿನವೇ ಫೋನನ್ನು ಸರಿಯಾಗಿ ಸಜ್ಜು ಮಾಡಬೇಕು. ಆಗಲೇ ನೆಮ್ಮದಿಯಿಂದ ಕೆಲಸಕ್ಕೆ ಕೂರಲು ಆಗುವುದು.

ಆ್ಯಂಡ್ರಾಯ್ಡ್ ಫೋನಿನಲ್ಲಿ ಕಾಂಟ್ಯಾಕ್ಟ್ಸ್‌ಗೆ ಹೋಗಿ ಆಯಿ, ಅಪ್ಪಯ್ಯ, ಹೆಂಡತಿ ಅಥವಾ ಗಂಡ, ಮಕ್ಕಳ ಶಾಲೆ, ಪಕ್ಕದ ಮನೆಯವರು, ಇಷ್ಟು ಜನಕ್ಕೆ ನಕ್ಷತ್ರದ ಗುರುತು ಹಾಕಿ. ಆಮೇಲೆ ಡು ನಾಟ್ ಡಿಸ್ಟರ್ಬ್ ಸೆಟ್ಟಿಂಗ್ಸ್‌ನಲ್ಲಿ ನಕ್ಷತ್ರ ಹಾಕಿದವರ ಕರೆ ಮಾತ್ರ ಬರಲಿ ಅಂತ ಹೇಳಿ. ರಿಪೀಟ್ ಕಾಲರ್ಸ್ ಅನ್ನುವುದನ್ನೂ ಆನ್ ಮಾಡಿ. ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಫೋನ್ ರಿಂಗ್ ಆಗುತ್ತದೆ. ಗೊತ್ತಿಲ್ಲದ ನಂಬರಿನಿಂದ ಯಾರೋ ಅರ್ಜೆಂಟಿಗೆ ಕರೆದರೂ ಈ ದಾರಿಯಿಂದ ತಲುಪುತ್ತಾರೆ. ಐಫೋನಿನಲ್ಲೂ ಇದು ಇದೆ, ಅಲ್ಲಿ ಮೂರು ನಿಮಿಷದ ಲೆಕ್ಕ.

ಸರ್ಕಾರದ ತುರ್ತು ಎಚ್ಚರಿಕೆಯನ್ನು ಯಾವ ಕಾರಣಕ್ಕೂ ಆಫ್ ಮಾಡಬೇಡಿ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಮೊಬೈಲುಗಳೆಲ್ಲ ಒಟ್ಟಿಗೆ ಜೋರಾಗಿ ಕೂಗಿದ್ದು ನೆನಪಿದೆಯಾ? ಅದು ಈ ವ್ಯವಸ್ಥೆಯ ಪರೀಕ್ಷೆ. ಫೋನ್ ಸೆಟ್ಟಿಂಗ್ಸ್ ಒಳಗೆ ಎಮರ್ಜೆನ್ಸಿ ಅಲರ್ಟ್ ಅಂತ ಹುಡುಕಿ, ಎಲ್ಲ ಗುರುತೂ ಆನ್ ಇದೆಯಾ ನೋಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಹಾಕಿಕೊಂಡರೆ ನಿಮ್ಮ ಜಿಲ್ಲೆಯ ಮಳೆ, ಸಿಡಿಲು, ಸಮುದ್ರದ ಎಚ್ಚರಿಕೆ ಅದರಲ್ಲಿ ಸಿಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಮನೆಯವರು ಮೀನುಗಾರಿಕೆಗೆ ಹೋಗುವವರಿದ್ದರೆ ಇದು ಇರಲೇಬೇಕು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಆಗಸ್ಟಿನಲ್ಲಿ ಬೋಟು ಇಳಿಯುವಾಗ ಗಾಳಿಮಳೆ ಇನ್ನೂ ಮುಗಿದಿರುವುದಿಲ್ಲ.

ಊರಿನ ಗ್ರೂಪಿನಲ್ಲಿ ಬರುವ "ಅಣೆಕಟ್ಟು ಒಡೆಯಿತು", "ನಾಳೆ ರಜೆ" ಅನ್ನುವ ಮೆಸೇಜನ್ನು ತುರ್ತು ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಹೋದ ವರ್ಷದ ಆದೇಶದ ಫೋಟೊ ಈ ವರ್ಷ ತಿರುಗುವುದೂ ಉಂಟು. ರಜೆಯ ವಿಷಯ ಶಾಲೆಯಿಂದ ಅಥವಾ ಜಿಲ್ಲಾಧಿಕಾರಿಗಳ ಆದೇಶದ ಮೇಲಿನ ತಾರೀಕು ನೋಡಿ ಖಚಿತ ಮಾಡಿಕೊಳ್ಳಿ.

ಮೊದಲ ದಿನಗಳು

ಎಲ್ಲ ಮಾಡಿ ಮುಗಿಸಿದ ಮೇಲೆ ಮೊದಲ ಕೆಲವು ದಿನ ಚಡಪಡಿಕೆ ಇರುತ್ತದೆ. ಏನೂ ಬರದಿದ್ದರೂ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಫೋನಿನ ನೋಟಿಫಿಕೇಶನ್ನನ್ನು ದಿನಕ್ಕೆ ಮೂರು ಸಲ ಕಂತಿನಲ್ಲಿ ಕೊಟ್ಟರು, ಇನ್ನು ಕೆಲವರಿಗೆ ಪೂರ್ತಿ ನಿಲ್ಲಿಸಿದರು. ಮೂರು ಕಂತಿನವರು ಹೆಚ್ಚು ಗಮನದಿಂದ, ನಿರಾಳವಾಗಿ ಇದ್ದರು. ಪೂರ್ತಿ ನಿಲ್ಲಿಸಿದವರಿಗೆ ಅಷ್ಟು ಲಾಭ ಆಗಲಿಲ್ಲ, ಏನೋ ತಪ್ಪಿಹೋಯಿತು ಅನ್ನುವ ಆತಂಕವೇ ಜಾಸ್ತಿ ಆಯಿತು. ಚಡಪಡಿಕೆ ತಡೆಯದಿದ್ದರೆ ಸೆಟ್ಟಿಂಗ್ಸ್ ತಿರುಗಿಸಬೇಡಿ. ನೋಡುವ ಹೊತ್ತನ್ನು ದಿನಕ್ಕೆ ಮೂರರ ಬದಲು ನಾಲ್ಕು ಮಾಡಿ. ಆಮೇಲೆ ಕಮ್ಮಿ ಮಾಡಬಹುದು.

ನಿಮ್ಮ ಸುತ್ತಲಿನವರಿಗೆ ಒಂದು ಸಾಲು ಕಳಿಸಿಬಿಡಿ: "ಕೆಲಸದ ಹೊತ್ತಿನಲ್ಲಿ ಮೆಸೇಜು ನೋಡುವುದು ತಡ ಆಗುತ್ತದೆ. ಅರ್ಜೆಂಟ್ ಇದ್ದರೆ ಫೋನ್ ಮಾಡಿ." ವಾಟ್ಸಾಪಿನ ಅಬೌಟ್ ಸಾಲಿನಲ್ಲೂ ಇದನ್ನೇ ಬರೆದಿಡಿ. ಜನ ಅರ್ಥ ಮಾಡಿಕೊಳ್ಳುತ್ತಾರೆ. ಮೊದಲು ಮೆಸೇಜು ಹಾಕಿ ಕಾಯುತ್ತಿದ್ದವರು ನಿಜಕ್ಕೂ ಬೇಕಾದಾಗ ಕರೆ ಮಾಡಲು ಶುರು ಮಾಡುತ್ತಾರೆ.

ಹೊಸ ಆ್ಯಪ್ ಹಾಕಿದಾಗ, ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ನೋಟಿಫಿಕೇಶನ್ಸ್ ಪುಟವನ್ನು ಮತ್ತೊಮ್ಮೆ ತೆರೆದು ಪಟ್ಟಿ ನೋಡಿ. ಹೊಸ ಆ್ಯಪುಗಳು ಒಪ್ಪಿಗೆ ಪಡೆದುಕೊಂಡೇ ಬಂದಿರುತ್ತವೆ. ಬ್ರೌಸರಿನ ಅಲೋ ಪಟ್ಟಿಯನ್ನು ಸೇವಾ ಕೇಂದ್ರದವರು ತಿಂಗಳಿಗೊಮ್ಮೆ, ಮನೆಯವರು ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿದರೆ ಸಾಕು. ಫೋನ್ ಬದಲಿಸಿದರೆ ನಕ್ಷತ್ರ ಹಾಕಿದವರ ಪಟ್ಟಿ ಹೊಸದರಲ್ಲಿ ಹಾಗೇ ಇದೆಯಾ ಅಂತ ಅವತ್ತೇ ನೋಡಿ, ಮನೆಯವರಿಂದ ಒಂದು ಕರೆ ಮಾಡಿಸಿ ಪರೀಕ್ಷೆ ಮಾಡಿ.